ಹಂದಿಗಳಿಗೆ ಮಾಡಿದ ಪಾಠ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಬೇರೆಯವರಿಗೆ ಅದು ಅಜ್ಜಿಯ ರೇಷ್ಮೆ ಸೀರೆಯನ್ನೋ ಅಮ್ಮನ ಟ್ರಂಕನ್ನೋ ನೆನಪಿಸಬಹುದು. ನನಗೆ ನೆನಪಾಗುವುದು ಒಬ್ಬ ಪ್ರಿನ್ಸಿಪಾಲರ ಮುಖ.

ಕಳೆದ ತಿಂಗಳು ತಾಳಮಲೆ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಶಾಲೆಗಳಿಗೆ ಟಿವಿ ಕೊಟ್ಟಿದ್ದಾರಲ್ಲ, ಅದನ್ನು ಪಾಠಕ್ಕೆ ಬಳಸುತ್ತಿದ್ದಾರೋ ಇಲ್ಲವೋ ನೋಡಿ, ಬಾರದವರಿಗೆ ಹೇಳಿಕೊಟ್ಟು ಬರುವುದು ಈಗ ನನ್ನ ಕೆಲಸ. ಟೀಚರಮ್ಮ ಹಿಂದುಗಡೆ ಮಕ್ಕಳಿಗೆ ಊಟ ಬಡಿಸುತ್ತಿದ್ದಾರೆ, ಕೂತಿರಿ ಎಂದು ಅಡುಗೆಯಾಕೆ ಹೇಳಿ ಹೋದಳು. ಕೂತೆ. ಎದುರಿಗೆ ಒಂದು ಕಬ್ಬಿಣದ ಬೀರು. ಅದಕ್ಕೆ ಜೈಲಿಗೆ ಹಾಕುವಂಥ ದಪ್ಪ ಬೀಗ. ಬಾಗಿಲಿನ ಸಂದಿಯಿಂದ ಅದೇ ವಾಸನೆ. ಇಲ್ಲೂ ಅದೇ ಹಣೆಬರಹ ಅಂದುಕೊಂಡೆ. ಬರಲಿ ಆ ಟೀಚರಮ್ಮ, ಇವತ್ತು ಸರಿಯಾಗಿ ನೀರಿಳಿಸುತ್ತೇನೆ ಎಂದು ಕಾಯುತ್ತ ಕೂತವಳಿಗೆ, ತಾಳವಾಡಿಯಲ್ಲಿ ಕಳೆದ ಆ ಮಳೆಗಾಲ ಪೂರ್ತಿ ನೆನಪಿಗೆ ಬಂತು.

ಆಗ ನಾನು ತಾಳವಾಡಿಯ ಒಂದು ಖಾಸಗಿ ಶಿಕ್ಷಕರ ತರಬೇತಿ ಸಂಸ್ಥೆಗೆ ಆ ವರ್ಷದ ಪರೀಕ್ಷೆ ಮುಗಿಯುವವರೆಗಿನ ಗುತ್ತಿಗೆಯ ಮೇಲೆ ಬಂದಿದ್ದೆ. ಅದು ಈಗ ಮುಚ್ಚಿಹೋಗಿದೆ. ಮುಚ್ಚಿದ್ದಕ್ಕೆ ನನಗೇನೂ ದುಃಖವಿಲ್ಲ. ಮುಂದೆ ಮೇಷ್ಟರಾಗುವವರಿಗೆ ಪಾಠದಲ್ಲಿ ಚಿತ್ರ, ಧ್ವನಿ, ಪ್ರೊಜೆಕ್ಟರು ಇವನ್ನೆಲ್ಲ ಬಳಸುವುದು ಹೇಗೆಂದು ಕಲಿಸುವುದು ನನ್ನ ವಿಷಯ. ಚಾಮರಾಜನಗರದಲ್ಲಿ ಬಸ್ಸು ಹತ್ತುವಾಗ ಬಿಸಿಲಿತ್ತು. ತಮಿಳುನಾಡಿನ ಗಡಿ ದಾಟುವಷ್ಟರಲ್ಲಿ ಹಿಂಗಾರಿನ ಜಿಟಿಜಿಟಿ ಶುರುವಾಯಿತು. ಆಮೇಲೆ ನಾನು ಆ ಊರು ಬಿಡುವವರೆಗೂ ನನ್ನ ಸೀರೆ ಒಂದು ದಿನವೂ ಸರಿಯಾಗಿ ಒಣಗಲಿಲ್ಲ. ಗೊಬ್ಬರದಂಗಡಿಯ ಮೇಲೆ ಬಾಡಿಗೆ ಕೋಣೆ. ಕೆಳಗಿನಿಂದ ಯೂರಿಯಾ ವಾಸನೆ, ಕಿಟಕಿಯಿಂದ ಮಂಜು.

ಮೊದಲ ದಿನ ಕ್ಲಾಸಿಗೆ ಹೋದೆ. ಎಲ್ಲರೂ ರೆಕಾರ್ಡ್ ಪುಸ್ತಕ ತೆಗೆದು, ಸ್ಕೇಲು ಹಿಡಿದು, ತಲೆ ತಗ್ಗಿಸಿ ಪ್ರೊಜೆಕ್ಟರಿನ ಚಿತ್ರ ಬರೆಯಲು ಶುರುಮಾಡಿದರು. ಲೆನ್ಸಿಗೊಂದು ಬಾಣ, ಬಲ್ಬಿಗೊಂದು ಬಾಣ. ಕೆಳಗೆ ‘ಉಪಯೋಗಗಳು’ ಎಂದು ತಲೆಬರಹ.

‘ಇದನ್ನು ನೋಡಿದ್ದೀರಾ?’ ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ, ‘ಪ್ರಿನ್ಸಿಪಾಲ್ ರೂಮ್ನಾಗೆ ಬೀರು ಒಳಗದೆ ಮೇಡಂ. ಇನ್ಸ್‌ಪೆಕ್ಷನ್ ಬಂದಾಗ ಈಚ್ಗೆ ತಗೀತರೆ. ನಾವು ದೂರದಿಂದ ನೋಡೀವಿ’ ಎಂದ.

ನಾನು ಸೀಮೆಸುಣ್ಣ ಅಲ್ಲೇ ಮೇಜಿನ ಮೇಲೆ ಕುಕ್ಕಿ ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. ರಂಗಸಾಮಿ ಅಂತ ಅವರ ಹೆಸರು. ಬಯಲುಸೀಮೆಯಿಂದ ಬಂದವರು, ಸದಾ ಶೀತ, ಮಫ್ಲರ್ ಬಿಚ್ಚಿದ್ದು ನಾನು ನೋಡಿಲ್ಲ. ಬೀರುವಿನ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದರ ಮೇಲೆ ಬನಿಯನ್ನು, ಅಂಗಿ, ಸ್ವೆಟರು, ಮಫ್ಲರು. ದೇವಸ್ಥಾನದ ಒಡವೆಗೂ ಅಷ್ಟು ಕಾವಲಿರಲಿಕ್ಕಿಲ್ಲ.

‘ಪ್ರೊಜೆಕ್ಟರ್ ಬೇಕು ಸಾರ್.’

‘ಅದು ಇನ್ಸ್‌ಪೆಕ್ಷನ್‌ಗೆ ಇರೋದು ಮೇಡಂ. ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ.’

‘ಬೀರುವಿನಲ್ಲಿದ್ದರೆ ಹಾಳಾಗಲ್ವಾ?’

‘ಅದಕ್ಕೇ ನುಸಿಗುಳಿಗೆ ಹಾಕಿದೀನಲ್ಲ’ ಎಂದರು. ತಮಾಷೆಗಲ್ಲ, ನಿಜವಾಗಿಯೇ ಹಾಗೆ ಹೇಳಿದರು. ಆ ಕ್ಷಣದಿಂದ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಆ ದಿನ ಜಗಳವಾಡಿ ನನಗೆ ದಕ್ಕಿದ್ದು ಒಂದು ಸ್ಪೀಕರ್ ಡಬ್ಬ. ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು, ಜೊತೆಗೊಂದು ಮೈಕು, ಧ್ವನಿ ತುಂಬಿಸಿಕೊಳ್ಳಲು ಉಗುರಿನಷ್ಟು ಮೆಮೊರಿ ಕಾರ್ಡು. ಯಾರೋ ದಾನ ಕೊಟ್ಟಿದ್ದು, ಮೂಲೆ ಒಡೆದಿತ್ತು, ಹಾಗಾಗಿ ಇನ್ಸ್‌ಪೆಕ್ಷನ್ನಿಗೆ ಲಾಯಕ್ಕಿರಲಿಲ್ಲ. ಒಡೆದಿದ್ದರಿಂದಲೇ ಅದು ನಮ್ಮ ಕೈಗೆ ಬಂತು.

ಒಬ್ಬೊಬ್ಬರೂ ಮೈಕಿನಲ್ಲಿ ಪಾಠ ಹೇಳಬೇಕು, ಧ್ವನಿ ತುಂಬಿಸಬೇಕು, ಎಲ್ಲರ ಎದುರಿಗೇ ಅದನ್ನು ಕೇಳಬೇಕು. ಆಮೇಲೆ ಸರದಿಯಂತೆ ಡಬ್ಬವನ್ನು ಮನೆಗೆ ಒಯ್ದು ಅಭ್ಯಾಸ ಮಾಡಿ ತರಬೇಕು. ಇದು ನನ್ನ ಕಟ್ಟಳೆ. ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ತಮ್ಮ ಧ್ವನಿ ತಾವೇ ಕೇಳುವಾಗ ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು, ಕೆಲವರು ಮಳೆ ನೋಡುವವರಂತೆ ಕಿಟಕಿ ಕಡೆ ತಿರುಗುತ್ತಿದ್ದರು. ನನಗೆ ಮೈಕ್ ಮಾರಿ ಅಂತ ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ, ನಾನೇನು ಅಲ್ಲಿಗೆ ಹೆಸರು ತೆಗೆದುಕೊಳ್ಳಲು ಹೋಗಿರಲಿಲ್ಲ.

ಎಲ್ಲರಿಗಿಂತ ನನಗೆ ತಲೆಬಿಸಿ ಮಾಡಿದವಳು ಮಾದೇವಿ. ತಾಳಮಲೆಯ ಹತ್ತಿರದ ಒಂದು ಸಣ್ಣ ಹಟ್ಟಿಯ ಹುಡುಗಿ. ತಾಯಿ ಕೂಲಿ. ತಂದೆ ಮಾರಯ್ಯ ಬೇರೆಯವರ ಹೊಲಕ್ಕೆ ಕಾವಲು ಕೂರುವವನು. ಅವರ ಹಟ್ಟಿಯ ಶಾಲೆಯಲ್ಲಿ ಕನ್ನಡಕ್ಕೆ ಟೀಚರಿರಲಿಲ್ಲ. ಈ ವರ್ಷ ಮಾದೇವಿ ಪಾಸಾಗಿ ಸರ್ಟಿಫಿಕೇಟ್ ತಂದರೆ ಆ ಜಾಗ ಅವಳಿಗೇ ಎಂದು ಊರವರು ಮಾತಾಡಿಕೊಂಡಿದ್ದರು, ಇಲ್ಲದಿದ್ದರೆ ಇನ್ಯಾರಿಗೋ. ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉಳಿದದ್ದು ಒಂದೇ, ಹೊರಗಿನ ಪರೀಕ್ಷಕರ ಮುಂದೆ ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆ. ಅಲ್ಲಿ ಬಾಯಿ ಬಿಡಬೇಕು. ಈ ಹುಡುಗಿಗೋ ಮೈಕು ಕೊಟ್ಟರೆ ತುಟಿ ಅಲ್ಲಾಡುತ್ತಿತ್ತು, ಧ್ವನಿ ಇಲ್ಲ.

‘ಏನಮ್ಮ, ಬಾಯಲ್ಲಿ ಅವಲಕ್ಕಿ ಇದೆಯಾ?’ ಎಂದು ಎಲ್ಲರೆದುರಿಗೇ ಕೇಳಿದೆ. ಕ್ಲಾಸು ನಕ್ಕಿತು.

ಅವತ್ತು ಪಡಸಾಲೆಯಲ್ಲಿ ಅವಳು ನನ್ನನ್ನು ಅಡ್ಡಗಟ್ಟಿದಳು. ‘ನೀವು ಬಂದ್ಮೇಲೆ ನಮ್ಗೆ ಇದ್ದ ಮರ್ವಾದೆನೂ ಓಯ್ತು ಮೇಡಂ. ಚಿತ್ರ ಬರ್ಕಂಡು ನೆಮ್ಮದಿಯಾಗಿದ್ವಿ’ ಎಂದಳು, ಪಿಸುಮಾತಿನಲ್ಲಿ.

‘ಇದನ್ನೇ ಗಟ್ಟಿಯಾಗಿ ಹೇಳಿದ್ದರೆ ಮಾರ್ಕು ಕೊಡುತ್ತಿದ್ದೆ’ ಎಂದೆ.

ಅವಳ ಸರದಿ ಬಂದಾಗ ಡಬ್ಬ ಒಯ್ದಳು. ವಾಪಸು ತಂದಾಗ ಅದಕ್ಕೆ ಕೆಸರು ಮೆತ್ತಿತ್ತು, ಹೊಗೆ ವಾಸನೆ ಬರುತ್ತಿತ್ತು, ಬ್ಯಾಟರಿ ಪೂರ್ತಿ ಸತ್ತಿತ್ತು. ಒಳಗೆ ಪಾಠ ಹುಡುಕಿದರೆ ಏನೂ ಇಲ್ಲ. ಒಂದು ವಾರ ಬಿಟ್ಟು ಮತ್ತೆ ಕೇಳಿದಳು, ಕೊಟ್ಟೆ, ಮತ್ತೆ ಅದೇ ಕತೆ. ರಂಗಸಾಮಿಯವರು ಆ ಕೆಸರು ನೋಡಿ, ‘ನಾನು ಹೇಳಿದ್ದು ಈಗ ಗೊತ್ತಾಯ್ತಾ ಮೇಡಂ?’ ಎಂದು ಮಫ್ಲರಿನೊಳಗೇ ನಕ್ಕರು. ಅವರ ಕೈಲಿ ಆ ನಗು ನಗಿಸಿಕೊಂಡದ್ದಕ್ಕೆ ಅವಳ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೂರನೆಯ ಸಲ ಅವಳು ಡಬ್ಬ ಒಯ್ದಿದ್ದಾಗ, ಒಂದು ರಜಾದಿನ, ತಾಳಮಲೆಯ ಬಸ್ಸು ಹತ್ತಿ ಅವಳ ಹಟ್ಟಿಗೆ ಹೋದೆ. ಬೈಯಲೇಬೇಕು ಅಂತಲೇ ಹೋದೆ.

ಮಟಮಟ ಮಧ್ಯಾಹ್ನ, ಆದರೆ ಮಂಜಿನಲ್ಲಿ ಮುಂದಿನ ಮರ ಕಾಣುತ್ತಿರಲಿಲ್ಲ. ಮುಸುಕಿನ ಜೋಳ ಹಾಲು ತುಂಬುವ ಕಾಲ. ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆ. ಇದ್ದಕ್ಕಿದ್ದಂತೆ ಜೋಳದೊಳಗಿನಿಂದ ಒಂದು ಹೆಣ್ಣು ಧ್ವನಿ ಸಿಡಿಯಿತು:

‘ಓ…ಯ್! ಓಗ್ಲಾ, ಓಗ್! ಯಾರ್ ಒಲಕ್ಕಲಾ ಬಾಯಾಕ್ತೀಯ? ಕಾಲ್ ಮುರ್ದು ಕೈಗ್ ಕೊಟ್ಟೇನು, ಓಗ್!’

ನನಗೇ ಬೈದರು ಅಂದುಕೊಂಡೆ. ತಕ್ಷಣ ಎಡಗಡೆಯ ಹೊಲದಿಂದ ಯಾರೋ ‘ಓಯ್’ ಎಂದರು, ಇನ್ನೂ ಆಚೆಯಿಂದ ಮತ್ತೊಬ್ಬರು ‘ಓಯ್’ ಎಂದರು. ಮುಂದೆ ಹೋಗಿ ನೋಡಿದರೆ ಕಾವಲಿನ ಗುಡಿಸಲು. ಕಂಬಕ್ಕೆ ನನ್ನ ಸ್ಪೀಕರ್ ಡಬ್ಬ ನೇತಾಡುತ್ತಿದೆ. ಅದರ ಕೆಳಗೆ ಮಾರಯ್ಯ ಕಂಬಳಿ ಹೊದ್ದು ಕೂತಿದ್ದಾನೆ. ಪಕ್ಕದಲ್ಲಿ ಮಾದೇವಿ.

ನನ್ನನ್ನು ಕಂಡು ಅವಳು ಎದ್ದು ನಿಂತಳು. ಹೆದರಲಿಲ್ಲ. ‘ಬೈಯ್ರಿ ಮೇಡಂ. ಬೈದು ಓಗಿ’ ಎಂದಳು.

ವಿಷಯ ಇಷ್ಟು. ಮಾರಯ್ಯನಿಗೆ ಕೂಗಿ ಕೂಗಿ ಗಂಟಲು ಕೆಟ್ಟುಹೋಗಿತ್ತು. ಸತ್ಯಮಂಗಲದ ಡಾಕ್ಟರು ಇನ್ನು ಕೂಗಲೇಬಾರದು ಎಂದಿದ್ದರು. ಕೂಗಲಾಗದವನನ್ನು ಕಾವಲಿಗೆ ಯಾರು ಕರೆಯುತ್ತಾರೆ? ಅಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಒಂದು ಹೊಲದಿಂದ ‘ಓಯ್’ ಅಂದರೆ ಪಕ್ಕದ ಹೊಲದವರು ‘ಓಯ್’ ಅನ್ನಲೇಬೇಕು. ಅನ್ನದಿದ್ದರೆ ಅಲ್ಲಿಗೆ ಆನೆ ಬಂದಿದೆ, ಕೂತವನಿಗೆ ಏನೋ ಆಗಿದೆ ಎಂದು ಅರ್ಥ. ಸುತ್ತಲಿನವರೆಲ್ಲ ಕೆಲಸ ಬಿಟ್ಟು ಓಡಿಬರುತ್ತಾರೆ. ಮಾರಯ್ಯನ ಕಡೆಯಿಂದ ಉತ್ತರ ಬಾರದೆ ಜನ ಸುಮ್ಮನೆ ಓಡಿ ಓಡಿ ಬಂದು ಬೇಸತ್ತಿದ್ದರು. ಅದಕ್ಕೆ ಆತ ಒಂದು ಎಣ್ಣೆ ತಗಡು ಇಟ್ಟುಕೊಂಡು ಉತ್ತರಕ್ಕೆ ಅದನ್ನು ಬಡಿಯುತ್ತಿದ್ದ. ತಗಡಿಗೆ ಜನ ಸಮಾಧಾನವಾದರು, ಜೋಳಕ್ಕೆ ನುಗ್ಗುವ ಕಾಡುಹಂದಿಗಳು ಹೆದರಲಿಲ್ಲ. ಆಗ ಮಗಳು ತನ್ನ ಕೂಗನ್ನು ಡಬ್ಬಕ್ಕೆ ತುಂಬಿದ್ದಳು.

‘ಈ ಗಂಟಲು ಇಟ್ಟುಕೊಂಡು ನನ್ನ ಕ್ಲಾಸಿನಲ್ಲಿ ಮೂಗಿ ಥರ ನಿಲ್ತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?’ ಎಂದೆ. ಅವತ್ತು ನಾನು ಬೈದದ್ದು ಡಬ್ಬಕ್ಕಲ್ಲ, ಇದಕ್ಕೆ.

‘ಅದು ಅಂದಿಗೊಳ್ಗೆ ಮೇಡಂ. ಮಕ್ಳಿಗೆ ಅಂಗೆ ಕೂಗಕಾಯ್ತದಾ? ಮಕ್ಳಿಗೆ ನೀವು ಮಾತಾಡ್ದಂಗೆ ಮಾತಾಡ್ಬೇಕು. ಅದು ನನ್ಗೆ ಬರಕಿಲ್ಲ.’

ಮಾರಯ್ಯ ನನ್ನ ಕಡೆ ನೋಡಿ ಏನೋ ಹೇಳಿದ. ಗಾಳಿ ಮಾತ್ರ ಬಂತು. ಆದರೂ ಡಬ್ಬ ಬಿಚ್ಚಿಸಿಕೊಂಡೇ ಬಂದೆ. ಬರುವಾಗ ಒಂದು ದಾರಿ ಹೇಳಿದೆ. ಹೊಲದ ಯಜಮಾನರಿಗೆ ಒಂದು ಸಣ್ಣ ಸ್ಪೀಕರ್ ಕೊಳ್ಳಲು ಹೇಳಿ, ಇವಳ ಕೂಗನ್ನು ಬೇರೆ ಕಾರ್ಡಿಗೆ ನಾನೇ ಹಾಕಿಕೊಡುತ್ತೇನೆ ಎಂದು. ಯಜಮಾನರು ಕೊಂಡರು. ನಾನು ಹಾಕಿಕೊಟ್ಟೆ. ಪಾಠಕ್ಕೊಂದು ಕಾರ್ಡು, ಹಂದಿಗೊಂದು ಕಾರ್ಡು, ಎರಡೂ ಒಂದೇ ಬಣ್ಣ, ಒಂದೇ ಅಳತೆ.

ಪರೀಕ್ಷೆಗೆ ಮೂರನೇ ಕ್ಲಾಸಿನ ‘ಕಾಡುಪ್ರಾಣಿಗಳು’ ಪಾಠ. ಉಪಕರಣ ಬಳಸಿದ್ದಕ್ಕೂ ಅಂಕವಿತ್ತು, ಅದಕ್ಕೆ ಪಾಠದ ಆರಂಭವನ್ನು ಡಬ್ಬದಿಂದಲೇ ಕೇಳಿಸುವುದು ಎಂದಾಯಿತು. ಅವಳ ಧ್ವನಿ ತುಂಬಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ‘ಬನ್ನಿ ಮಕ್ಕಳೇ, ಹತ್ತಿರ ಬನ್ನಿ, ಹೆದರಬೇಡಿ. ಇವತ್ತು ಕಾಡಿನ ಗೆಳೆಯರ ಜೊತೆ ಮಾತಾಡೋಣ.’ ಮಂಜು ನುಗ್ಗುವ ಆ ಕೋಣೆಯಲ್ಲಿ ಇದನ್ನು ಎಷ್ಟು ಸಲ ಹೇಳಿಸಿದೆನೋ. ಕೊನೆಗೊಂದು ಸಲ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ, ಜೇನು ಸವರಿದಂತೆ ಬಂತು. ಇನ್ನು ಇವಳು ಪಾಸು ಅಂದುಕೊಂಡೆ.

ಪರೀಕ್ಷೆಯ ದಿನವೂ ಅದೇ ಮಳೆ. ಪರೀಕ್ಷಕರು ಸತ್ಯಮಂಗಲದ ಕಡೆಯಿಂದ ಬಾಡಿಗೆ ವ್ಯಾನಿನಲ್ಲಿ ಘಾಟ್ ಹತ್ತಿ ಬಂದರು. ದಿಂಬಂ ಘಾಟಿನ ತಿರುವುಗಳಲ್ಲಿ ವಾಂತಿಯಾಗಿ ಮುಖ ಹುಳ್ಳಗಿತ್ತು. ಊರಂಚಿನ ಪ್ರಾಥಮಿಕ ಶಾಲೆಯಲ್ಲಿ ಪಾಠ. ರಂಗಸಾಮಿಯವರು ಪ್ರೊಜೆಕ್ಟರನ್ನು ಮದುವಣಗಿತ್ತಿಯ ಹಾಗೆ ಎತ್ತಿಕೊಂಡು ಬಂದು, ಪ್ಲಾಸ್ಟಿಕ್ ಬಿಚ್ಚಿ ಮೇಜಿನ ಮೇಲಿಟ್ಟರು. ‘ಮೊದಲು ಇದರಲ್ಲಿ ಚಿತ್ರ ತೋರಿಸು’ ಎಂದು ಮಾದೇವಿಗೆ ಅಪ್ಪಣೆ ಮಾಡಿದರು. ಅವಳು ಅದನ್ನು ಮುಟ್ಟಿದ್ದು ಅವತ್ತೇ ಮೊದಲು. ಗುಂಡಿ ಒತ್ತಿದಳು. ಗೋಡೆಯ ಮೇಲೆ ಬೂದಿ ಬಣ್ಣದ ಒಂದು ಕಲೆ ಬಿತ್ತು. ವರ್ಷಗಟ್ಟಲೆ ತೇವದಲ್ಲಿ ಕೂತು ಲೆನ್ಸಿಗೆ ಬೂಷ್ಟು ಹಿಡಿದಿತ್ತು.

‘ಟೀಚರ್, ಗೋಡೆ ಮ್ಯಾಲೂ ಮಂಜು’ ಎಂದಿತು ಒಂದು ಮಗು.

‘ಏನು ಮಾಡ್ದೆ ನೀನು?’ ಎಂದು ರಂಗಸಾಮಿ ಅವಳ ಮೇಲೆ ರೇಗಿದರು. ಆಗ ನಾನು ಸುಮ್ಮನಿದ್ದದ್ದು ಪರೀಕ್ಷಕರ ಮುಖ ನೋಡಿ. ಮಾದೇವಿ ಅವರತ್ತ ತಿರುಗಲಿಲ್ಲ. ಸ್ಪೀಕರ್ ಡಬ್ಬ ಎತ್ತಿ ಮೇಜಿನ ಮೇಲಿಟ್ಟು, ಧ್ವನಿ ಪೂರ್ತಿ ಏರಿಸಿ, ಗುಂಡಿ ಒತ್ತಿದಳು.

‘ಓ…ಯ್! ಓಗ್ಲಾ, ಓಗ್! ಯಾರ್ ಒಲಕ್ಕಲಾ ಬಾಯಾಕ್ತೀಯ?’

ಬೆಳಿಗ್ಗೆ ಮನೆಯಿಂದ ಹೊರಡುವ ಗಡಿಬಿಡಿಯಲ್ಲಿ ಮಾದೇವಿಯ ಕೈಲಿ ಕಾರ್ಡು ಅದಲುಬದಲಾಗಿತ್ತು. ಪರೀಕ್ಷಕರು ಕುರ್ಚಿಯಿಂದ ಅರ್ಧ ಎದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೆ ಮಕ್ಕಳು ನಗಲಿಲ್ಲ. ಇಡೀ ಕ್ಲಾಸು ಒಟ್ಟಿಗೆ ಎದ್ದು ನಿಂತು, ಕೊರಳುಬ್ಬಿಸಿ ‘ಓಯ್’ ಎಂದಿತು. ಒಬ್ಬ ಊಟದ ತಟ್ಟೆ ತೆಗೆದು ಬಡಿಯತೊಡಗಿದ. ಎಲ್ಲ ಹೊಲದಂಚಿನ ಮಕ್ಕಳು. ಕೂಗಿಗೆ ಉತ್ತರ ಕೊಡದೆ ಕೂರುವುದು ಅವರಿಗೆ ಗೊತ್ತಿರಲಿಲ್ಲ.

‘ಎನ್ನಮ್ಮಾ ಇದು?’ ಎಂದರು ಪರೀಕ್ಷಕರು, ತಮಿಳಿನಲ್ಲಿ.

ಮಾದೇವಿ ಡಬ್ಬ ಆರಿಸಿದಳು. ಮುಂದಿನ ಸಾಲಿನ ಒಂದು ಹುಡುಗಿ ಕೇಳಿತು, ‘ಅಂದಿ ಎಲ್ಲದೆ ಟೀಚರ್?’

ಮಾದೇವಿ ಆ ಮಗುವನ್ನು ನೋಡಿದಳು. ಸೀಮೆಸುಣ್ಣ ತೆಗೆದುಕೊಂಡಳು. ‘ಬಾ, ತೋರುಸ್ತೀನಿ’ ಎಂದಳು. ಅದು ಜೋಳದ ಹೊಲದ ಗಂಟಲು. ಹಲಗೆಯ ಮೇಲೆ ಹಂದಿಯ ಹೆಜ್ಜೆ ಬರೆದಳು, ಪಕ್ಕದಲ್ಲಿ ಜಿಂಕೆಯದು, ಅದರ ಪಕ್ಕ ಆನೆಯದು. ಯಾವುದು ಹೊಲಕ್ಕೆ ಯಾಕೆ ಬರುತ್ತದೆ, ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ಕೂಗದೆ ಸುಮ್ಮನೆ ಮನೆಯೊಳಗೆ ಹೋಗಬೇಕು, ಒಂದೊಂದನ್ನೂ ಕೇಳಿದಳು, ಹೇಳಿಸಿದಳು. ಹಿಂದಿನ ಗೋಡೆಗೊರಗಿ ನಿಂತಿದ್ದ ನನಗೆ ಒಂದಕ್ಷರ ತಪ್ಪದೆ ಕೇಳಿಸಿತು. ನಾನು ಸವರಿಸಿದ್ದ ಜೇನು ಅದರಲ್ಲಿ ಎಲ್ಲೂ ಇರಲಿಲ್ಲ.

ಪಾಠ ಮುಗಿದ ಮೇಲೆ ರಂಗಸಾಮಿಯವರು ಪರೀಕ್ಷಕರ ಕಿವಿಯ ಹತ್ತಿರ ಬಾಗಿ, ಸಂಸ್ಥೆಯ ವಸ್ತುವನ್ನು ಈಕೆ ಹಂದಿ ಓಡಿಸಲು ಒಯ್ದಿದ್ದಳು ಎಂದು ಹೇಳಿದರು. ಪರೀಕ್ಷಕರು ‘ಉಪಕರಣ ಬಳಕೆ’ ಎಂಬ ಸಾಲಿನ ಮುಂದೆ ಸೊನ್ನೆ ಸುತ್ತಿದರು. ಅಂದರೆ ಫೇಲು. ಅಂಕದ ಹಾಳೆಗೆ ಇಬ್ಬರು ಸಹಿ ಮಾಡಬೇಕು, ಪರೀಕ್ಷಕರು ಮತ್ತು ನಾನು. ಹಾಳೆ ನನ್ನ ಮುಂದೆ ಬಂತು. ನಾನು ಪೆನ್ನಿನ ಮುಚ್ಚಳ ಹಾಕಿ ಕೈಚೀಲದಲ್ಲಿಟ್ಟೆ.

‘ಕ್ಲಾಸಿನ ಮಕ್ಕಳೆಲ್ಲ ಎದ್ದು ಉತ್ತರ ಕೊಟ್ಟ ಉಪಕರಣಕ್ಕೆ ಸೊನ್ನೆ. ಬೂಷ್ಟು ಹಿಡಿದ ಉಪಕರಣಕ್ಕೆ ಎಷ್ಟು ಸಾರ್?’ ಎಂದೆ.

‘ಸೈನ್ ಮಾಡಿ ಮೇಡಂ, ಸುಮ್ಮನೆ ಜಗಳ ಬೇಡ’ ಎಂದರು ರಂಗಸಾಮಿ.

‘ನಾನು ಜಗಳಕ್ಕೇ ಕೂತಿರೋದು.’

ಕೂತೆ. ಮಳೆ ಜೋರಾಯಿತು. ಸಂಜೆಯ ಮೇಲೆ ಘಾಟಿನ ಚೆಕ್‌ಪೋಸ್ಟಿನಲ್ಲಿ ವ್ಯಾನು ಬಿಡುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಡ್ರೈವರು ಹೊರಗಿನಿಂದ ಹಾರ್ನು ಹೊಡೆದ. ಪರೀಕ್ಷಕರು ಗಡಿಯಾರ ನೋಡಿದರು. ನಾನು ಅಡುಗೆಯವರನ್ನು ಕರೆದು ಸಾರ್ ರಾತ್ರಿ ಇಲ್ಲೇ ಇರಬಹುದು, ಹಾಸಿಗೆ ಇದೆಯಾ ಎಂದು ಕೇಳಿದೆ. ಡ್ರೈವರು ಮತ್ತೆ ಹಾರ್ನು ಹೊಡೆದ, ಈ ಸಲ ಬಿಡದೆ. ಪರೀಕ್ಷಕರು ಹಲ್ಲು ಕಚ್ಚಿಕೊಂಡು ಸೊನ್ನೆ ಹೊಡೆದುಹಾಕಿ, ಪಾಸಿಗೆ ಎಷ್ಟು ಬೇಕೋ ಅಷ್ಟು ಮಾತ್ರ, ಒಂದೂ ಹೆಚ್ಚಿಲ್ಲದಂತೆ ಬರೆದು, ಹಾಳೆಯನ್ನು ನನ್ನ ಕಡೆ ಎಸೆದರು. ನಾನು ಚೆಂದವಾಗಿ ಸಹಿ ಮಾಡಿದೆ.

ಮಾರನೆಯ ದಿನ ಮಾದೇವಿ ಬಂದಳು. ಏನೋ ಒಳ್ಳೆಯ ಮಾತು ಹೇಳಿಯಾಳು ಎಂದು ನಾನು ಎದ್ದು ನಿಂತೆ.

‘ನಿಮ್ ಪಾಠ ಕೇಳ್ಕಂಡು ಅಂದಿಗೊಳು ಅರ್ಧ ಒಲ ತಿಂದುಬುಟ್ಟೊ ಮೇಡಂ’ ಎಂದಳು.

ನಾವು ಇಲ್ಲಿ ಪರೀಕ್ಷೆಯಲ್ಲಿದ್ದಾಗ ಅಲ್ಲಿ ಮಂಜು ಕವಿದಿತ್ತು. ಮಾರಯ್ಯ ಸಣ್ಣ ಸ್ಪೀಕರಿನ ಗುಂಡಿ ಒತ್ತಿದ್ದ. ‘ಬನ್ನಿ ಮಕ್ಕಳೇ, ಹತ್ತಿರ ಬನ್ನಿ, ಹೆದರಬೇಡಿ’ ಎಂದು ಅದು ಹೇಳುತ್ತಲೇ ಇತ್ತು. ಆತ ತಗಡು ಬಡಿದಿದ್ದಾನೆ, ಓಡಾಡಿದ್ದಾನೆ. ಹೊಲದ ಯಜಮಾನರು ಬಂದು ನೋಡಿದಾಗ ಹಂದಿಗಳು ತಮ್ಮ ಪಾಡಿಗೆ ಜೋಳ ಮುರಿಯುತ್ತಿದ್ದವು, ಸ್ಪೀಕರು ಉಪಚಾರ ಮಾಡುತ್ತಿತ್ತು. ಅಲ್ಲಿಗೆ ಮಾರಯ್ಯನ ಕಾವಲು ಮುಗಿಯಿತು.

‘ಅದಕ್ಕೆ ನಾನೇನು ಮಾಡಲಿ? ಕಾರ್ಡು ಹಾಕಿದ್ದು ನಾನಾ?’ ಎಂದೆ. ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೊರಟುಹೋದಳು. ರಂಗಸಾಮಿಯವರು ಮುಂದಿನ ವರ್ಷಕ್ಕೆ ಬರುವುದು ಬೇಡ ಎಂದು ನನಗೆ ಬಾಯಿಮಾತಿನಲ್ಲೇ ಹೇಳಿದರು. ನಾನು ಹೊರಡುವ ದಿನ ಅವರು ಸ್ಪೀಕರ್ ಡಬ್ಬ ಒರೆಸಿ, ಬೀರುವಿನಲ್ಲಿಟ್ಟು, ಹೊಸ ನುಸಿಗುಳಿಗೆ ಹಾಕುತ್ತಿದ್ದರು.

ಹೀಗೆ ನೆನೆಯುತ್ತ ಕೂತಿದ್ದಾಗ ಶಾಲೆಯ ಜಗಲಿಯಲ್ಲಿ ಹೆಜ್ಜೆ ಸದ್ದಾಯಿತು. ಟೀಚರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಮಾದೇವಿ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಅವತ್ತು ಮಂಜಿನಲ್ಲಿ ಹೊಲದವರೆಗೆ ಮಾತ್ರ ಬಂದಿದ್ದ ನನಗೆ ಇದು ಅವಳದೇ ಹಟ್ಟಿ ಎಂದು ಗುರುತು ಸಿಕ್ಕಿರಲಿಲ್ಲ.

‘ಕೂತ್ಕಳಿ ಮೇಡಂ’ ಎಂದಳು, ನಿನ್ನೆ ತಾನೇ ನೋಡಿದವಳ ಹಾಗೆ.

‘ನೀನೂ ಬೀಗ ಹಾಕಿಟ್ಟಿದ್ದೀಯಲ್ಲೇ’ ಎಂದೆ. ರಂಗಸಾಮಿಯವರ ಮೇಲೆ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ.

ಅವಳು ಬೀಗ ತೆಗೆದಳು. ಬೀರು ಖಾಲಿ. ತಳದಲ್ಲಿ ನಾಲ್ಕು ನುಸಿಗುಳಿಗೆ, ಅಷ್ಟೇ.

‘ಟಿವಿ ಕ್ಲಾಸ್ನಾಗದೆ. ಐಕ್ಳು ಮುಟ್ಟಿ ಮುಟ್ಟಿ ಮಸಿ ಮಾಡವೆ. ಬೀಗ ನೋಡಕೆ ಬರೋರ್ಗೆ. ದಪ್ಪ ಬೀಗ ಕಂಡ್ರೆ ಜೋಪಾನ್ವಾಗಿ ಮಡಗವ್ರೆ ಅಂತ ಬರ್ಕಂಡು, ಚಾ ಕುಡ್ದು ಓಯ್ತರೆ.’

ನನಗೆ ನಗು ಬಂತು. ಅವಳು ನಗಲಿಲ್ಲ. ‘ಅಪ್ಪ ಹೇಗಿದ್ದಾರೆ?’ ಎಂದೆ.

‘ಅವತ್ತಿಂದ ಯಾರೂ ಕಾವಲ್ಗೆ ಕರೀನಿಲ್ಲ. ನಾನು ಅದ್ನ ಮರ್ತಿಲ್ಲ ಮೇಡಂ. ನೀವು ಕೂತು ಸೈನ್ ಮಾಡ್ನಿಲ್ವಲ್ಲ, ಅದ್ನೂ ಮರ್ತಿಲ್ಲ. ಎಲ್ಡೂ ಅವೆ.’

ಅಷ್ಟರಲ್ಲಿ ಅಂಗಳದಲ್ಲಿ ಮಕ್ಕಳ ಗಲಾಟೆ ಮೇರೆ ಮೀರಿತು. ಅವಳು ಜಗಲಿಗೆ ಹೋಗಿ ನಿಂತು ‘ಓಯ್’ ಎಂದಳು. ಗಲಾಟೆ ನಿಂತು, ಅಷ್ಟೂ ಮಕ್ಕಳು ‘ಓಯ್’ ಎಂದರು. ಅದರ ಹಿಂದೆಯೇ, ಶಾಲೆಯ ಕೆಳಗಿನ ಮನೆಗಳ ಕಡೆಯಿಂದ ತಗಡು ಬಡಿದ ಸದ್ದು ಬಂತು.

‘ಅಪ್ಪ’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ‘ಕೇಳಿಸ್ಕಂಡೋರೆಲ್ಲ ಉತ್ರ ಕೊಡ್ಬೇಕು ಮೇಡಂ. ನೀವೂ ಕೂಗಿ.’

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಗಾಳಿಯಷ್ಟೇ ಬಂತು.

‘ಯಾಕ್ ಮೇಡಂ, ಬಾಯಲ್ಲಿ ಅವಲಕ್ಕಿ ಅದಾ?’ ಎಂದಳು ಮಾದೇವಿ.